ಕೂಸಿಗೆ ಮೊದಲೇ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ ಎಂದರೆ ಹೆಂಗಸರ ಪುಕ್ಕಲುತನವೆಂದು ನಗುವ ಗಂಡಸರು ಇಂಗ್ಲೆಂಡಿನ ಡರ್ಬಿ ಕೌಂಟಿ ಫುಟ್‌ಬಾಲ್ ಕ್ಲಬ್ಬಿನ ಕಥೆ ಕೇಳಬೇಕು. ಎರಡನೇ ದರ್ಜೆಯಿಂದ ಪ್ರೀಮಿಯರ್ ಲೀಗಿಗೆ ಬಡ್ತಿ ಸಿಕ್ಕರೆ ಟೀವಿ ಹಣ ಹೊಳೆಯಾಗಿ ಹರಿಯುತ್ತದೆ. ಅದನ್ನು ನೆಚ್ಚಿ ಮೊದಲೇ ದುಬಾರಿ ಆಟಗಾರರನ್ನು ಕೊಂಡರು. 2018ರಲ್ಲಿ ಮೈದಾನವನ್ನೇ ಮಾಲೀಕನ ಇನ್ನೊಂದು ಕಂಪನಿಗೆ ಮಾರಿ ಲಾಭ ತೋರಿಸಿದರು. 2019ರಲ್ಲಿ ಬಡ್ತಿಯ ಕೊನೆಯ ಪಂದ್ಯವನ್ನು ಆಸ್ಟನ್ ವಿಲ್ಲಾಗೆ 2-1ರಿಂದ ಸೋತರು. 2021ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂತು. 21 ಅಂಕಗಳು ಕಡಿತವಾದವು. 2022ರಲ್ಲಿ ಮೂರನೇ ದರ್ಜೆಗೆ ಬಿತ್ತು.

'ಹಣ ಹಾಕದೆ ಮೇಲೇರುವುದು ಹೇಗೆ?' ಎನ್ನುತ್ತಾರೆ ಅಭಿಮಾನಿಗಳು. ಹಾಕಲಿ, ಇರುವುದನ್ನು ಹಾಕಲಿ. 2014ರವರೆಗೆ ಐದನೇ ದರ್ಜೆಯಲ್ಲಿದ್ದ ಲೂಟನ್ ಟೌನ್, ಹಾಸಿಗೆ ಇದ್ದಷ್ಟೇ ಕಾಲು ಚಾಚಿ 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿತು. ಮರುವರ್ಷವೇ ಇಳಿಯಿತು, ನಿಜ. ಆದರೆ ಮನೆ ಮಾರಿಕೊಂಡಲ್ಲ.

ನಮ್ಮ ಮನೆಗಳಲ್ಲೂ ಬರಲಿರುವ ಬಡ್ತಿಯನ್ನು ನಂಬಿ ಸಾಲ ಮಾಡುವವರುಂಟು. ಧೈರ್ಯ ಅವರದು, ಅಡಮಾನಕ್ಕೆ ಹೋಗುವ ಬಳೆ ನಮ್ಮದು. ಮೊದಲು ಲೆಕ್ಕ ತೋರಿಸಿ ಎಂದು ಕೇಳುವುದು ಪುಕ್ಕಲುತನವಲ್ಲ. ಅದು ನಮ್ಮ ಹಕ್ಕು.