ಗೊಂಬೆಯ ಕಣ್ಣಿಗೆ ಗಾಜೇ ಏಕೆ?

ಕಳೆದ ತಿಂಗಳು ನನ್ನ ಅಕ್ಕನ ಮೊಮ್ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. "ಅಜ್ಜಿ, ನನ್ನ ಗೊಂಬೆಗೆ ಗಾಜಿನ ಕಣ್ಣು ತರಿಸಲೋ, ಅಕ್ರಿಲಿಕ್ ಕಣ್ಣು ತರಿಸಲೋ? ಅಕ್ರಿಲಿಕ್ ಎಂದರೆ ಬರೀ ಪ್ಲಾಸ್ಟಿಕ್ ಎಂದು ಮನೆಯವರೆಲ್ಲ ಮೂಗು ಮುರಿಯುತ್ತಾರೆ. ವಿಜ್ಞಾನ ಕಲಿಸಿದವರು ನೀವು, ನೀವೇ ಹೇಳಿ."

ಉದ್ಯೋಗದಲ್ಲಿರುವ ಹುಡುಗಿಗೆ ಗೊಂಬೆಯ ಆಟವೇ ಎಂದು ಓದುಗರು ನಗಬಾರದು. ಇವನ್ನು 'ಬಾಲ್ ಜಾಯಿಂಟೆಡ್ ಡಾಲ್' ಎನ್ನುತ್ತಾರೆ. ಜಪಾನಿನ ವೋಕ್ಸ್ ಸಂಸ್ಥೆಯು 1999ರಲ್ಲಿ 'ಸೂಪರ್ ಡಾಲ್ಫಿ' ಎಂಬ ಹೆಸರಿನಲ್ಲಿ ಇವನ್ನು ಮಾರುಕಟ್ಟೆಗೆ ತಂದಿತು. ಸುಮಾರು 60 ಸೆಂಟಿಮೀಟರ್ ಎತ್ತರದ ರೆಸಿನ್ ಗೊಂಬೆ, ಗುಂಡು ಕೀಲುಗಳು, ಅವನ್ನು ಬಿಗಿಹಿಡಿಯಲು ಒಳಗೆ ಎಲಾಸ್ಟಿಕ್ ದಾರ. ತಲೆಯ ಹಿಂಭಾಗವನ್ನು ಬಿಚ್ಚಿ, ಗಟ್ಟಿಯಾಗದ ಮೇಣದಂತಹ ಅಂಟಿನಿಂದ ಕಣ್ಣುಗಳನ್ನು ಒಳಗಿನಿಂದ ಕೂರಿಸುತ್ತಾರೆ. ಬೇಕೆಂದಾಗ ಬದಲಿಸಲೂಬಹುದು. ಮುಖ ಒಂದೇ ಇದ್ದರೂ ಕಣ್ಣು ಬದಲಾದರೆ ಗೊಂಬೆಯ ಸ್ವಭಾವವೇ ಬದಲಾದಂತೆ ತೋರುತ್ತದೆ.

ನಾನು ಹೇಳಿದ ಉತ್ತರ: ಅಕ್ರಿಲಿಕ್.

ಗಾಜಿಗೆ ಹೊಳಪು ಹೆಚ್ಚು ಎಂಬುದು ಎಲ್ಲರ ವಾದ. ಆದರೆ ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52, ಅಕ್ರಿಲಿಕ್‌ನದು 1.49. ಬರಿಗಣ್ಣಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ತಿಳಿಯದು. ಕಣ್ಣಿಗೆ ಆಳವನ್ನು ಕೊಡುವುದು, ಪಾಪೆಯ ಸುತ್ತಲಿನ ಬಣ್ಣದ ವೃತ್ತ ಎಷ್ಟು ಒಳಗಿದೆ, ಅದರ ಮೇಲಿನ ಪಾರದರ್ಶಕ ಗುಮ್ಮಟ ಎಷ್ಟು ದಪ್ಪ ಎಂಬುದು. ಆ ಕೆಲಸ ಚೆನ್ನಾಗಿದ್ದರೆ, ನಾವು ಅತ್ತಿತ್ತ ಸರಿದಾಗ ಗೊಂಬೆಯ ನೋಟ ನಮ್ಮನ್ನೇ ಹಿಂಬಾಲಿಸಿದಂತೆ ಕಾಣುತ್ತದೆ. ಅದು ಕುಶಲಕರ್ಮಿಯ ಗುಣವೇ ಹೊರತು ವಸ್ತುವಿನ ಗುಣವಲ್ಲ. ಮೇಲಾಗಿ ಅಕ್ರಿಲಿಕ್‌ನ ಸಾಂದ್ರತೆ ಗಾಜಿನದರ ಅರ್ಧಕ್ಕಿಂತ ಕಡಿಮೆ. ಕೈಜಾರಿ ಬಿದ್ದರೆ ಗಾಜಿನಂತೆ ಚೂರುಚೂರಾಗುವುದಿಲ್ಲ.

ಅಕ್ರಿಲಿಕ್‌ನ ದೋಷಗಳನ್ನೂ ಹೇಳಬೇಕು. ಅದು ಬೇಗ ಗೀರುಬೀಳುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಕರಗಿ ಮಂಕಾಗುತ್ತದೆ. ಅಗ್ಗದ ಕಣ್ಣುಗಳು ಪಕ್ಕದಿಂದ ನೋಡಿದಾಗ ಸಪ್ಪೆ. ಆದ್ದರಿಂದ ಕೊಳ್ಳುವ ಮುನ್ನ ಪಕ್ಕದಿಂದ ತೆಗೆದ ಚಿತ್ರವನ್ನು ಕೇಳಿ ಪಡೆಯಬೇಕು. ಅಳತೆಯಲ್ಲಿಯೂ ಎಚ್ಚರ ಬೇಕು: 16 ಮಿಲಿಮೀಟರ್ ಎಂದರೆ ಇಡೀ ಕಣ್ಣುಗುಡ್ಡೆಯ ವ್ಯಾಸ, ರೆಪ್ಪೆಗಳ ನಡುವಿನ ತೆರಪಲ್ಲ. ಚಿಕ್ಕದಾದರೆ ಅಂಚಿನಲ್ಲಿ ಸಂದು ಕಾಣುತ್ತದೆ. ದೊಡ್ಡದಾದರೆ ಗುಳಿಯಲ್ಲಿ ಸರಿಯಾಗಿ ಕೂರದು. ಬಣ್ಣದ ವೃತ್ತ ದೊಡ್ಡದಿದ್ದರೆ ಮಗುವಿನ ನೋಟ, ಚಿಕ್ಕದಿದ್ದರೆ ಪ್ರೌಢ ನೋಟ.

ಇಷ್ಟನ್ನು ಅವಳಿಗೆ ಹೇಳಿ ಮುಗಿಸಿದೆ. ಆದರೆ 'ಬರೀ ಪ್ಲಾಸ್ಟಿಕ್' ಎಂಬ ಆ ಮಾತು ನನ್ನನ್ನು ಬಿಡಲಿಲ್ಲ.

ಹಲವು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಒಂದು ಕಣ್ಣು ಕೃತಕ. ಹಿಂದಿನ ಬೆಂಚಿನಿಂದ ಯಾರೋ "ಪ್ಲಾಸ್ಟಿಕ್ ಕಣ್ಣ" ಎಂದು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಕೇಳಿಸದವಳಂತೆ ಪಾಠ ಮುಂದುವರಿಸಿದೆ. ಹುಡುಗ ತಲೆ ತಗ್ಗಿಸಿದವನು ಗಂಟೆ ಬಾರಿಸುವವರೆಗೆ ಎತ್ತಲಿಲ್ಲ.

ಅಂದು ನಾನು ಹೇಳಬಹುದಾಗಿದ್ದ ಪಾಠವೊಂದಿತ್ತು. ಜರ್ಮನಿಯ ಲೌಶಾ ಎಂಬ ಊರಿನಲ್ಲಿ ಗೊಂಬೆಗಳಿಗೆ ಗಾಜಿನ ಕಣ್ಣು ಮಾಡುತ್ತಿದ್ದ ಲುಡ್ವಿಗ್ ಮುಲ್ಲರ್-ಉರಿ 1835ರಲ್ಲಿ ಮನುಷ್ಯರ ಕೃತಕ ಕಣ್ಣಿನ ತಯಾರಿಕೆಗೆ ಕೈಹಾಕಿದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ಬರುವುದು ನಿಂತಾಗ, ಅಮೆರಿಕದ ಸೇನೆಯ ದಂತ ತಂತ್ರಜ್ಞರು ಕೃತಕ ಹಲ್ಲಿನ ವಸಡಿಗೆ ಬಳಸುವ ಅಕ್ರಿಲಿಕ್‌ನಿಂದಲೇ ಕಣ್ಣು ರೂಪಿಸಿದರು. ಇಂದು ಜಗತ್ತಿನ ಬಹುಪಾಲು ಕೃತಕ ಕಣ್ಣುಗಳು ಅದೇ ವಸ್ತುವಿನವು. ಗಾಯಗೊಂಡ ಮನುಷ್ಯನ ಕಣ್ಣುಗುಳಿಯಲ್ಲಿ ಕೂತು ಅವನಿಗೆ ಮುಖವನ್ನು ಮರಳಿ ಕೊಟ್ಟ ವಸ್ತು ಗೊಂಬೆಗೆ ಕಡಿಮೆಯಾದೀತೇ?

ಆ ತರಗತಿಯಲ್ಲಿದ್ದವರು ಇದನ್ನು ಓದುತ್ತಿರಬಹುದು, ಅವನೂ ಓದುತ್ತಿರಬಹುದು. ಕೂಗಿದವನ ತಪ್ಪು ಬಾಲಿಶವಾದುದು. ಸುಮ್ಮನಿದ್ದ ನನ್ನ ತಪ್ಪು ಹಾಗಲ್ಲ. ಅಂದು ಐದು ನಿಮಿಷದಲ್ಲಿ ಮುಗಿಯಬಹುದಾಗಿದ್ದ ಪಾಠವನ್ನು, ಒಂದು ಗೊಂಬೆಯ ನೆಪದಲ್ಲಿ, ಇಷ್ಟು ತಡವಾಗಿ ಮುಗಿಸಿದ್ದೇನೆ.