ರೆಕ್ಸ್‌ಡೇಲ್ ಡೈರಿ 14: ಗಂಡುಕರುವಿನ ಲೆಕ್ಕ
ಮೊನ್ನೆ ನಮ್ಮೂರ ಗ್ರೂಪಲ್ಲಿ ಒಂದು ವಿಡಿಯೋ ಬಂತು. ಕೆನಡಾದ ಫೀಡ್‌ಲಾಟ್, ಸಾಲಾಗಿ ನಿಂತು ಮೇಯ್ತಿರೋ ಹೋರಿಗಳು. ಕೆಳಗೆ "ಪಾಪಿಗಳು, ಕಡಿಯೋಕೆ ಅಂತಲೇ ಕೊಬ್ಬಿಸ್ತಾರೆ" ಅಂತ ಬರೆದು ನನಗೆ ಟ್ಯಾಗ್ ಬೇರೆ. ಸರಿ, ಉತ್ತರ ಕೊಡ್ತೀನಿ. ಬೈಯೋರು ಪೂರ್ತಿ ಓದಿ ಬೈಯಿರಿ.

ರೆಕ್ಸ್‌ಡೇಲ್‌ನಲ್ಲಿ ಕೂತರೆ ಆಲ್ಬಿಯನ್ ರೋಡಿನ ಮಾಂಸದಂಗಡಿ ಕಾಣುತ್ತೆ, ಹೋರಿ ಕಾಣಲ್ಲ. ಆದರೆ ನನ್ನ ಜೊತೆ ನೈಟ್ ಡ್ಯೂಟಿ ಮಾಡೋಳ ಅಪ್ಪ ಗ್ವೆಲ್ಫ್ ಆಚೆ ಸಾಕ್ತಾರೆ, ಹೋಗಿ ನೋಡಿದ್ದೀನಿ. ಅಲ್ಲಿರೋದೂ ನಮ್ಮೂರ ಡೇರಿ ಹಸುವಿನ ಜಾತಿಯೇ, ಕಪ್ಪು ಬಿಳಿ ಹೋಲ್‌ಸ್ಟೀನ್. ಗಂಡುಕರು ಹುಟ್ಟಿದ ಕೆಲವೇ ಗಂಟೆಯಲ್ಲಿ ಗಿಣ್ಣುಹಾಲು ಕುಡಿಸ್ತಾರೆ. ಅದರ ರೋಗನಿರೋಧಕ ಶಕ್ತಿ ಕರುಳಿಂದ ರಕ್ತಕ್ಕೆ ಸೇರೋದು ಮೊದಲ ದಿನ ಮಾತ್ರ. ಬೆಳೆದ ಮೇಲೆ ಮೆಕ್ಕೆಜೋಳದ ಸೈಲೇಜ್, ಕಾಳು. ಕಾಳನ್ನ ಒಂದೇ ಸಲ ಸುರಿಯಲ್ಲ, ಎರಡು ಮೂರು ವಾರ ಮೆಲ್ಲಗೆ ಏರಿಸ್ತಾರೆ. ಇಲ್ಲಾಂದ್ರೆ ಹೊಟ್ಟೆ ಹುಳಿಯಾಗಿ ಪ್ರಾಣಕ್ಕೇ ಬರುತ್ತೆ. ಕೊನೆ ತಿಂಗಳುಗಳಲ್ಲಿ ದಿನಕ್ಕೆ ಸುಮಾರು ಒಂದೂವರೆ ಕಿಲೋ ತೂಕ ಏರಬೇಕು. ಒಂದು ಕಿಲೋ ಏರೋಕೆ, ನೀರಿನಂಶ ಕಳೆದರೆ, ಆರೇಳು ಕಿಲೋ ಮೇವು. ಬೀಜ ಒಡೆಯದ ಹೋರಿ ಇನ್ನೂ ಬೇಗ ಬೆಳೆಯುತ್ತೆ, ಆದ್ರೆ ಗುದ್ದಾಟ ಜಾಸ್ತಿ. ಇದೆಲ್ಲ ದಯೆ ಅಲ್ಲ, ದುಡ್ಡಿನ ಲೆಕ್ಕ. ಕಾಳು ಅತಿಯಾಗಿ ಲಿವರ್ ಕೀವುಗಟ್ಟೋದೂ ಉಂಟು. ನಾನೇನು ಇವರ ವಕೀಲಳಲ್ಲ.

ಈಗ ನಮ್ಮ ಕೊಟ್ಟಿಗೆಗೆ ಬನ್ನಿ. ಎಚ್‌ಎಫ್ ಹಸು ಗಂಡು ಹಾಕಿದರೆ ಏನು ಮಾಡ್ತೀವಿ? ಹಾಲು ಡೇರಿಗೆ ಹೋಗಬೇಕು, ಕರುವಿಗೆ ಎರಡು ಗುಟುಕು. ಟ್ರ್ಯಾಕ್ಟರ್ ಬಂದ ಮೇಲೆ ಉಳೋಕೂ ಬೇಡ. ಸ್ವಲ್ಪ ದಿನಕ್ಕೆ ಏಳೋಕಾಗಲ್ಲ. "ತಾನಾಗೇ ಹೋಯ್ತು" ಅಂತೀವಿ. ನಮ್ಮ ಮನೆಯಲ್ಲೂ ಅಂದಿದ್ದೀವಿ, ಅವ್ವನ ಜೊತೆ ನಾನೂ. ಇಷ್ಟು ವರ್ಷ ವಾರ್ಡಲ್ಲಿ ಕೆಲಸ ಮಾಡಿ ಹೇಳ್ತೀನಿ, ಹಾಲು ಕೊಡದಿದ್ದ ಮಗು ತಾನಾಗೇ ಹೋಗಲ್ಲ.

ನಮ್ಮ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ ಹೋರಿ ಕಡಿದರೆ 3ರಿಂದ 7 ವರ್ಷ ಜೈಲು. ಉಪವಾಸ ಕೆಡವಿದರೆ? 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಮೊದಲ ಸಲಕ್ಕೆ 10ರಿಂದ 50 ರೂಪಾಯಿ ದಂಡ. ಅದನ್ನೂ ಕಟ್ಟಿದವರನ್ನ ನಮ್ಮೂರಲ್ಲಿ ನಾನು ಕಂಡಿಲ್ಲ.

ಹೋರಿ ಸಾಕೋದು ನಮಗೆ ಬರಲ್ಲ ಅನ್ನಬೇಡಿ. ಘಾಟಿ ಸುಬ್ರಹ್ಮಣ್ಯ ಜಾತ್ರೆಗೆ ಹಳ್ಳಿಕಾರ್ ಜೋಡಿ ಹೊರಡಿಸುವಾಗ ಹುರುಳಿ, ಹಿಂಡಿ, ಬೆಣ್ಣೆ ಎಲ್ಲ ಎಲ್ಲಿಂದ ಬರುತ್ತೆ? ಸಾಕೋಕಾಗಲ್ಲ ಅಂದ್ರೆ ಹೆಣ್ಣುಕರುವಿನ ಕಡ್ಡಿನೇ ಹಾಕಿಸಿ, ನೂರಕ್ಕೆ ತೊಂಬತ್ತು ಹೆಣ್ಣೇ ಹುಟ್ಟುತ್ತೆ. ಇನ್ನುಳಿದ ಹತ್ತಕ್ಕಾದರೂ ಹೊಟ್ಟೆ ತುಂಬ ಹಾಲು ಬಿಡಿ.

ವಿಡಿಯೋ ಹಾಕಿದ ಅಣ್ಣ, ನಿನ್ನ ಕೊಟ್ಟಿಗೆಯಲ್ಲಿ ಈ ಎರಡು ವರ್ಷದಲ್ಲಿ ಎಷ್ಟು ಗಂಡುಕರು ಹುಟ್ಟಿದ್ವು, ಇವತ್ತು ಎಷ್ಟಿವೆ? ಎರಡೇ ನಂಬರ್, ಕೆಳಗೆ ಕಾಮೆಂಟಲ್ಲಿ ಹಾಕು.