ಚಕ್ರ ಹಗುರವಾಗುವ ಗಳಿಗೆ

ಕಂಪ್ಯೂಟರಿನಲ್ಲಿ ಆಡುವ ಕಾರುಪಂದ್ಯದ ವಿಷಯವನ್ನು ಸಾಹಿತ್ಯದ ಪುಟಕ್ಕೆ ತರುವುದು ಅಪ್ರಸ್ತುತವೆಂದು ಕೆಲವು ವಾಚಕರಿಗೆ ತೋರಬಹುದು. ಆಟವನ್ನು ಹೊಗಳುವುದಾಗಲಿ ಹಳಿಯುವುದಾಗಲಿ ನನ್ನ ಉದ್ದೇಶವಲ್ಲ. ಆ ಆಟಕ್ಕೆ ಜೋಡಿಸುವ ಸ್ಟಿಯರಿಂಗ್ ಚಕ್ರವೊಂದುಂಟು. ಅದನ್ನು ಅಣಿಗೊಳಿಸುವ ಬಗೆಯಲ್ಲಿ ನಮ್ಮ ತರುಣರಲ್ಲಿ ಬೇರೂರಿರುವ ಒಂದು ತಪ್ಪು ನಂಬಿಕೆಯನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಚಕ್ರವು ಎಷ್ಟು ಬಿರುಸಾಗಿ ಕೈಯನ್ನು ಸೆಳೆದರೆ ಅಷ್ಟೂ ನೈಜವೆಂಬುದೇ ಆ ನಂಬಿಕೆ.

ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ನನ್ನ ಸೋದರಳಿಯನ ಬಳಿ ಇರುವುದು ಲಾಜಿಟೆಕ್ ಸಂಸ್ಥೆ ೨೦೧೫ರಲ್ಲಿ ಹೊರತಂದ ಜಿ-೨೯ ಎಂಬ ಚಕ್ರ. ಮೂರು ಪೆಡಲುಗಳು, ಚಕ್ರದ ಒಡಲಿನಲ್ಲಿ ಎರಡು ಮೋಟಾರುಗಳು, ಅವುಗಳಿಂದ ಬಲವನ್ನು ಸಾಗಿಸುವ ಹಲ್ಲುಗಾಲಿಗಳು. ಮೇಜಿನ ಅಂಚಿಗೆ ಇದನ್ನು ಭದ್ರವಾಗಿ ಬಿಗಿಯಬೇಕು. ಮೇಜು ಅಲುಗಿದರೆ ಮುಂದಿನದೆಲ್ಲ ವ್ಯರ್ಥ. ವಿದ್ಯುತ್ತು ಹರಿದೊಡನೆಯೇ ಅದು ಯಾರ ಅಪ್ಪಣೆಗೂ ಕಾಯದೆ ಎಡಕ್ಕೂ ಬಲಕ್ಕೂ ಕೊನೆಮುಟ್ಟ ತಿರುಗಿ, ತನ್ನ ನಡುವನ್ನು ತಾನೇ ಹುಡುಕಿಕೊಂಡು ನಿಲ್ಲುತ್ತದೆ. ಆ ಕ್ಷಣದಲ್ಲಿ ಅದನ್ನು ಮುಟ್ಟಬಾರದು. ತಡೆದು ಹಿಡಿದರೆ ನಡು ತಪ್ಪುತ್ತದೆ. ಆಮೇಲೆ ನೇರವಾದ ಹಾದಿಯಲ್ಲಿಯೂ ಕಾರು ಒಂದು ಮಗ್ಗುಲಿಗೆ ಎಳೆಯುತ್ತಲೇ ಇರುತ್ತದೆ.

ಈ ಚಕ್ರ ತಿರುಗುವುದು ೯೦೦ ಡಿಗ್ರಿ, ಎಂದರೆ ಎರಡೂವರೆ ಸುತ್ತು. ನಾವು ದಿನವೂ ಓಡಿಸುವ ಕಾರುಗಳದು ಹೆಚ್ಚುಕಡಮೆ ಇಷ್ಟೇ, ಅಥವಾ ತುಸು ಮಿಗಿಲು. ಪಂದ್ಯದ ಕಾರುಗಳದು ಕಡಮೆ. ಕಂಪ್ಯೂಟರಿಗೂ ಆಟಕ್ಕೂ ೯೦೦ ಎಂದೇ ತಿಳಿಸಿಬಿಟ್ಟರೆ, ಆಯಾ ಕಾರಿಗೆ ತಕ್ಕ ಮಿತಿಯನ್ನು ಆಟವೇ ನೋಡಿಕೊಳ್ಳುತ್ತದೆ. ಬೇಗ ಗೆಲ್ಲುವ ಆತುರದಲ್ಲಿ ಇದನ್ನು ೨೭೦ಕ್ಕೆ ಇಳಿಸುವವರಿದ್ದಾರೆ. ಅವರ ಕೈ ಒಂದಂಗುಲ ಸರಿದರೆ ಪರದೆಯ ಮೇಲಿನ ಚಾಲಕನ ಕೈ ಮೂರಂಗುಲ ಸರಿಯುತ್ತದೆ. ಅವರ ಗೆಲುವು ಅವರಿಗಿರಲಿ.

ಮುಖ್ಯವಾದ ಸಂಗತಿ ಬಲದ್ದು. ಆಟವು ಮೋಟಾರಿನ ಮೂಲಕ ನಮ್ಮ ಕೈಗೆ ಮರಳಿಸುವ ಈ ಒತ್ತಡವನ್ನು ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ನಾನು ‘ಮರುಬಲ’ ಎಂದು ಕರೆಯುತ್ತೇನೆ. ಪದಕೋಶದವರು ಇದಕ್ಕಿಂತ ಒಳ್ಳೆಯ ಮಾತನ್ನು ಕೊಟ್ಟರೆ ಬಿಟ್ಟುಕೊಡಲು ಸಿದ್ಧನಿದ್ದೇನೆ. ಹುಡುಗ ಆಡುವುದು ಇಟಲಿಯ ಕುನೋಸ್ ಸಿಮುಲಾಜಿಯೋನಿ ಎಂಬವರು ೨೦೧೪ರಲ್ಲಿ ಪೂರ್ಣಗೊಳಿಸಿ ಬಿಡುಗಡೆ ಮಾಡಿದ ಅಸೆಟ್ಟೊ ಕೋರ್ಸಾ. ಇಟಾಲಿಯನ್ ಭಾಷೆಯಲ್ಲಿ ‘ಅಸೆಟ್ಟೊ’ ಎಂದರೆ ಹೊಂದಿಕೆ, ಅಣಿ. ‘ಕೋರ್ಸಾ’ ಎಂದರೆ ಓಟ. ಆಟದ ಹೆಸರೇ ಅಣಿಗೊಳಿಸುವ ಕೆಲಸದ ಘನತೆಯನ್ನು ಸಾರುತ್ತಿದೆ! ಮೊಂಜಾ ಪಂದ್ಯಪಥದ ಉಬ್ಬುತಗ್ಗುಗಳನ್ನು ಲೇಸರಿನಿಂದ ಅಳೆದು ಇದರೊಳಗೆ ಇಳಿಸಿದ್ದಾರೆ.

ಆ ಮೊಂಜಾದ ಕಡೆಯ ತಿರುವು, ಪಾರಾಬೋಲಿಕಾ ಎಂಬುದು, ಬಲಕ್ಕೆ ನೀಳವಾಗಿ ಬಾಗುತ್ತದೆ. ಅಲ್ಲಿ ಕಾರನ್ನು ತಿರುಗಿಸಿದಾಗ ಮುಂದಿನ ಟೈರುಗಳು ಮತ್ತೆ ನೇರವಾಗಲು ಹವಣಿಸುತ್ತವೆ; ಆ ಹವಣಿಕೆಯೇ ಚಾಲಕನ ಅಂಗೈಯಲ್ಲಿ ಭಾರವಾಗಿ ತೋರುತ್ತದೆ. ವೇಗ ಹೆಚ್ಚಿದಂತೆ ಭಾರವೂ ಏರುತ್ತದೆ. ಆದರೆ ಟೈರಿನ ಹಿಡಿತ ತನ್ನ ಎಲ್ಲೆಯನ್ನು ಸಮೀಪಿಸಿದಾಗ ವಿಚಿತ್ರವೊಂದು ನಡೆಯುತ್ತದೆ. ನೆಲವು ಟೈರನ್ನು ಪಕ್ಕಕ್ಕೆ ತಳ್ಳುವ ಬಲದ ಕೇಂದ್ರವು ಅದುವರೆಗೆ ಟೈರಿನ ನಡುವಿಗಿಂತ ತುಸು ಹಿಂದಿದ್ದುದು ಮುಂದಕ್ಕೆ ಸರಿಯತೊಡಗುತ್ತದೆ, ಚಕ್ರ ಹಗುರವಾಗುತ್ತದೆ. ಹಿಡಿತ ಪೂರ್ತಿ ತಪ್ಪುವುದಕ್ಕೆ ಮುಂಚೆಯೇ ಹೀಗಾಗುತ್ತದೆಂಬುದನ್ನು ಗಮನಿಸಬೇಕು. ನುರಿತ ಚಾಲಕನಿಗೆ ಆ ಹಗುರವೇ ಎಚ್ಚರಿಕೆಯ ಮಾತು.

ಈಗ ಮೋಟಾರಿನ ಶಕ್ತಿ ನೂರು ಎಂದಿಟ್ಟುಕೊಳ್ಳೋಣ. ಹುಡುಗನು ಮರುಬಲವನ್ನು ತುತ್ತತುದಿಗೆ ಏರಿಸಿದ್ದಾನೆ. ತಿರುವಿನ ನಡುವೆ ಆಟವು ನೂರನಲವತ್ತು ಕೇಳುತ್ತದೆ. ಮೋಟಾರು ಕೊಡುವುದು ನೂರೇ. ಟೈರು ಸೋಲತೊಡಗಿದಾಗ ಆಟವು ನೂರಹತ್ತಕ್ಕೆ ಇಳಿಯುತ್ತದೆ. ಮೋಟಾರು ಆಗಲೂ ಕೊಡುವುದು ನೂರೇ. ಕೈಗೆ ಏನೂ ತಿಳಿಯಲಿಲ್ಲ! ಹೇಳಬೇಕಾದ ಮಾತು ಆ ಮೂವತ್ತರಲ್ಲಿತ್ತು, ಅದು ಕತ್ತರಿಸಿಹೋಯಿತು. ಬಲ್ಲವರು ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಪರದೆಯ ಮೇಲೆ ಪೆಡಲುಗಳ ಪಟ್ಟಿಗಳನ್ನು ತೋರಿಸಿಕೊಂಡರೆ ಅವುಗಳ ಪಕ್ಕದಲ್ಲಿಯೇ ಮರುಬಲದ ಪಟ್ಟಿಯೊಂದಿರುತ್ತದೆ. ಅದು ತುಂಬಿ ಕೆಂಪಾದಾಗಲೆಲ್ಲ ಬಲವು ಕತ್ತರಿಸಲ್ಪಡುತ್ತಿದೆ ಎಂದು ಅರ್ಥ. ನೀಳವಾದ ತಿರುವಿನಲ್ಲಿ ಕೆಂಪು ನಿಲ್ಲದಂತೆ, ಎಲ್ಲೋ ಒಂದು ಉಬ್ಬಿನ ಮೇಲೆ ಮಾತ್ರ ಮಿಂಚಿ ಮಾಯವಾಗುವಂತೆ ಬಲವನ್ನು ಇಳಿಸಬೇಕು.

“ಅಷ್ಟು ಇಳಿಸಿದರೆ ಸಪ್ಪೆ ಆಗತ್ತೆ ಮಾವ. ನಿಜವಾದ ರೇಸ್ ಕಾರು ಕೈ ನೋಯಿಸಬೇಕು” ಎಂದ ಅವನು.

“ನೋವು ಬೇಕಾದರೆ ಬಾವಿಯಲ್ಲಿ ನೀರು ಸೇದಪ್ಪ. ಕಾರು ಏನು ಹೇಳ್ತಾ ಇದೆ ಅನ್ನೋದು ಬೇಡವೇ ನಿನಗೆ?” ಎಂದೆ.

ಗಮಕವಾಚನವನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಷಟ್ಪದಿಯ ಆರು ಸಾಲನ್ನೂ ತಾರಸ್ಥಾಯಿಯಲ್ಲಿಯೇ ಕೂಗಿ ಮುಗಿಸುವ ಗಮಕಿಗಳಿದ್ದಾರೆ. ಸಭೆ ತಲೆದೂಗುತ್ತದೆ, ಆದರೆ ಯುದ್ಧ ಯಾವುದು, ವಿಲಾಪ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ತರಗತಿಯಲ್ಲಿ ಪಾಠ ಹೇಳುವ ನಮ್ಮಲ್ಲಿಯೂ ಈ ಚಾಳಿ ಇಲ್ಲದಿಲ್ಲ.

ಇನ್ನಷ್ಟು ಬಲಿಷ್ಠವಾದ ಚಕ್ರವನ್ನು ಕೊಂಡರೆ ಈ ತೊಂದರೆಯೇ ಇರದೆಂಬ ವಾದವುಂಟು. ಹಲ್ಲುಗಾಲಿಯ ಹಂಗಿಲ್ಲದೆ ಮೋಟಾರಿನ ದಂಡಕ್ಕೇ ನೇರವಾಗಿ ಕೂರಿಸಿದ ಚಕ್ರಗಳು ಈಗ ಬಂದಿವೆ. ಜಿ-೨೯ರ ಬಲ ಎರಡು ನ್ಯೂಟನ್-ಮೀಟರಿನ ಆಸುಪಾಸಿನದಾದರೆ, ಅವುಗಳಲ್ಲಿ ಕೆಲವು ಇಪ್ಪತ್ತನ್ನೂ ಮುಟ್ಟುತ್ತವೆ. ಅವುಗಳಲ್ಲಿ ಸೂಕ್ಷ್ಮಕ್ಕೆ ಹೆಚ್ಚು ಎಡೆಯಿರುವುದು ನಿಜ, ಬೆಲೆಯೂ ಹಲವು ಪಟ್ಟು. ಆದರೆ ಕೆಂಪುಪಟ್ಟಿಯನ್ನು ನೋಡಲೊಲ್ಲದವನು ಅಲ್ಲಿಯೂ ತುತ್ತತುದಿಗೇ ಏರಿಸುತ್ತಾನೆ. ತಂದೆತಾಯಿಗಳ ಹಣವನ್ನು ಕೇಳುವ ಮೊದಲು ಇರುವ ಚಕ್ರದ ಮಾತನ್ನು ಪೂರ್ತಿ ಆಲಿಸಲಿ.

ಇಷ್ಟಕ್ಕೂ ಆಟವೇ ತಾನೆ ಎಂದು ಉಪೇಕ್ಷಿಸಲು ನನಗೆ ಮನಸ್ಸಾಗದು. ಗ್ರ್ಯಾನ್ ಟುರಿಸ್ಮೊ ಆಟದ ಮೂಲಕ ಚಾಲಕರನ್ನು ಹುಡುಕಲು ೨೦೦೮ರಲ್ಲಿ ಆರಂಭಿಸಿದ ಸ್ಪರ್ಧೆಯಲ್ಲಿ ೨೦೧೧ರಲ್ಲಿ ಗೆದ್ದ ಯಾನ್ ಮಾರ್ಡೆನ್‌ಬರೋ, ೨೦೧೩ರಲ್ಲಿ ಲೆ ಮಾನ್ಸ್‌ನ ೨೪ ಗಂಟೆಗಳ ಪಂದ್ಯದಲ್ಲಿ ನಿಜವಾದ ಕಾರನ್ನೇ ಓಡಿಸಿದ. ಅದು ಅಪರೂಪ, ಒಪ್ಪುತ್ತೇನೆ. ನಮ್ಮ ಹುಡುಗರು ಲೆ ಮಾನ್ಸ್‌ಗೆ ಹೋಗದಿರಬಹುದು; ಮಳೆಗಾಲದಲ್ಲಿ ಆಗುಂಬೆಯ ಘಾಟಿಯನ್ನಂತೂ ಇಳಿದಾರು. ಇಂದಿನ ಕಾರುಗಳಲ್ಲಿ ವಿದ್ಯುತ್ತಿನ ನೆರವಿನಿಂದ ತಿರುಗುವ ಚಕ್ರವು ಟೈರಿನ ಮಾತನ್ನು ಬಹಳ ಕ್ಷೀಣವಾಗಿ ತಲುಪಿಸುತ್ತದೆ. ನೀರು ನಿಂತ ರಸ್ತೆಯಲ್ಲಿ ಚಕ್ರ ಇದ್ದಕ್ಕಿದ್ದಂತೆ ಹಗುರವಾದರೆ ಅದನ್ನು ಆರಾಮವೆಂದು ತಿಳಿಯುವ ಕೈಗೂ, ವೇಗದಿಂದ ಮೆಲ್ಲಗೆ ಕಾಲು ತೆಗೆಯಬೇಕೆಂದು ತಿಳಿಯುವ ಕೈಗೂ ಬಹಳ ಅಂತರವಿದೆ. ಕುರ್ಚಿಯಲ್ಲಿ ಕುಳಿತು ಆಡುವವನಿಗೆ ಮೈ ವಾಲುವುದಿಲ್ಲ, ಹೊಟ್ಟೆ ತೊಳಸುವುದಿಲ್ಲ, ಜೀವಭಯವೂ ಇಲ್ಲ. ಅಂಗೈಯೊಂದೇ ಅವನ ಗುರು.

ಬ್ರೇಕಿನ ಪೆಡಲಿನ ವಿಷಯವೂ ಸ್ವಲ್ಪ ಉಂಟು. ನಿಜವಾದ ಕಾರಿನಲ್ಲಿ ಬ್ರೇಕು ಮುಖ್ಯವಾಗಿ ಕಾಲಿನ ಒತ್ತಡಕ್ಕೆ ಮಣಿಯುತ್ತದೆ. ಜಿ-೨೯ರ ಪೆಡಲು ಅಳೆಯುವುದು ತಾನು ಸರಿದ ದೂರವನ್ನು. ಈ ಕೊರತೆಯನ್ನು ತುಸುವಾದರೂ ಮರೆಸಲೆಂದು ಅದರೊಳಗೆ ಗಟ್ಟಿಯಾದ ರಬ್ಬರಿನ ತುಂಡೊಂದನ್ನು ಇಟ್ಟಿದ್ದಾರೆ. ಕಾಲಿಗೆ ಕಷ್ಟವೆಂದು ಅದನ್ನು ಕಿತ್ತುಹಾಕುವ ಪದ್ಧತಿ ಹುಡುಗರಲ್ಲಿದೆ. ಚಕ್ರ ಮಾತ್ರ ಕೈ ನೋಯಿಸಬೇಕು, ಪೆಡಲು ಮೆತ್ತಗಿರಬೇಕು! ಆ ರಬ್ಬರನ್ನು ತೆಗೆಯದೆ, ಕುರ್ಚಿ ಹಿಂದಕ್ಕೆ ಉರುಳದಂತೆ ಗೋಡೆಗೆ ಆನಿಸಿಕೊಂಡು, ಒಂದು ವಾರ ಒತ್ತಿ ನೋಡಲಿ.